ಕೆರೆ ತುಂಬಿದೆ, ಕಪ್ಪೆ ಮೊಟ್ಟೆಗೆ ಜಾಗ ಎಲ್ಲಿ?

ಮೃಗಶಿರ ಮಳೆ ಹುಯ್ದ ಮಾರನೇ ಬೆಳಗ್ಗೆ, ಮನೆ ಹಿಂದಿನ ಸಿಮೆಂಟ್ ತೊಟ್ಟಿಯ ಒಳಗೋಡೆಗೆ ಬಿಳಿ ನೊರೆಯ ಮುದ್ದೆಯೊಂದು ಅಂಟಿಕೊಂಡಿತ್ತು. ನೀರಿನಿಂದ ಗೇಣುದ್ದ ಮೇಲೆ, ಮುಷ್ಟಿಯಷ್ಟು ದಪ್ಪ. ಅಮ್ಮ ಪೊರಕೆ ಹಿಡಿದೇ ಬಂದರು.

"ಯಾರೋ ಗಡ್ಡ ಕೆರ್ಕೊಂಡು ಸೋಪು ಒರೆಸಿ ಹೋಗವ್ರೆ ನೋಡು."

"ಅಮ್ಮ, ಅದು ಕಪ್ಪೆ ಮೊಟ್ಟೆ. ನಾಲ್ಕು ದಿನ ಬಿಡು."

"ಹಸು ಕುಡಿಯೋ ನೀರು ಕಣೋ ಇದು. ಶನಿವಾರ ತೊಟ್ಟಿ ತೊಳೀಬೇಕು."

ಶನಿವಾರಕ್ಕೆ ಇನ್ನೂ ಮೂರು ದಿನ ಇತ್ತು. ಸದ್ಯಕ್ಕೆ ಅಷ್ಟಕ್ಕೆ ಒಪ್ಪಂದವಾಯಿತು.

ನಮ್ಮದು ಕೋಲಾರ ಜಿಲ್ಲೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಬಂದ ಕಾಲವನ್ನು ನಾವೆಲ್ಲ ಕಂಡಿದ್ದೇವೆ. ಮಳೆ ಕೈಕೊಟ್ಟರೆ ಕಪ್ಪೆಗಳಿಗೆ ಅರಿಶಿನ ಕುಂಕುಮ ಹಚ್ಚಿ ಮದುವೆ ಮಾಡಿಸುವ ಊರುಗಳು ಇಲ್ಲಿವೆ. ಈಗ ಕಥೆ ಬೇರೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಪೈಪಿನಲ್ಲಿ ಬಂದು ನಮ್ಮ ಕೆರೆಗಳನ್ನು ತುಂಬಿಸುತ್ತಿದೆ. ಕೆರೆ ತುಂಬಿದೆಯಲ್ಲಾ, ಕಪ್ಪೆಗಿನ್ನೇನು ಕೊರತೆ ಅಂತ ಕೇಳುವವರಿದ್ದಾರೆ. ಅವರಿಗೆ ನಾನು ತೋರಿಸುವುದು ಮೊಟ್ಟೆಯನ್ನು. ಕಪ್ಪೆ ಎಲ್ಲಿ ಬೇಕಾದರೂ ಹೇಗೋ ಬದುಕಿಕೊಳ್ಳುತ್ತದೆ. ಮೊಟ್ಟೆಗೆ ಆ ಸೌಕರ್ಯ ಇಲ್ಲ.

ಚಿಪ್ಪಿಲ್ಲದ ಮೊಟ್ಟೆ

ಕೋಳಿಮೊಟ್ಟೆ ನೋಡಿ ಬೆಳೆದ ನಮಗೆ ಮೊಟ್ಟೆ ಅಂದರೆ ಚಿಪ್ಪು. ಕಪ್ಪೆ ಮೊಟ್ಟೆಗೆ ಅದಿಲ್ಲ. ಕಪ್ಪೆ, ಹಲ್ಲಿಯ ಹಾಗೆ ಕಾಣುವ ಸಲಮ್ಯಾಂಡರ್, ಕಾಲಿಲ್ಲದೆ ಎರೆಹುಳದ ಹಾಗೆ ಕಾಣುವ ಸಿಸಿಲಿಯನ್, ಉಭಯವಾಸಿಗಳ ಈ ಮೂರು ಗುಂಪಿಗೂ ಇಲ್ಲ. ನಡುವೆ ಒಂದು ಕಾಳು, ಸುತ್ತ ಲೋಳೆ, ಅಷ್ಟೇ. ತಾಯಿಯ ಮೊಟ್ಟೆನಾಳದಲ್ಲಿ ಇಳಿದು ಬರುವಾಗ ಈ ಲೋಳೆ ಪದರ ಪದರವಾಗಿ ಸುತ್ತಿಕೊಳ್ಳುತ್ತದೆ. ಹೊರಗೆ ಬಂದು ನೀರು ತಾಗಿದ ಕೂಡಲೇ ಉಬ್ಬುತ್ತದೆ. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದಾಗ ಉಬ್ಬುತ್ತಲ್ಲ, ಹೆಚ್ಚುಕಡಿಮೆ ಅದೇ ಥರ.

ಲೋಳೆ ಅಂತ ಹಗುರವಾಗಿ ನೋಡಬೇಡಿ. ಮೊಟ್ಟೆಯನ್ನು ಹುಲ್ಲಿಗೋ ಕಡ್ಡಿಗೋ ಅಂಟಿಸುವುದು ಅದೇ. ಹುಳಹುಪ್ಪಟೆ ಸುಲಭಕ್ಕೆ ಬಾಯಿ ಹಾಕದಂತೆ ನೋಡಿಕೊಳ್ಳುವುದೂ ಅದೇ. ಲೋಳೆ ತೆಗೆದುಬಿಟ್ಟರೆ ಸಾಮಾನ್ಯವಾಗಿ ವೀರ್ಯ ಒಳಗೆ ಹೋಗಿ ಮೊಟ್ಟೆ ಫಲಿಸುವುದೂ ಇಲ್ಲ. ಆದರೆ ಇದಕ್ಕೆ ಬೆಲೆಯೂ ತೆರಬೇಕು. ಒಳಗಿನ ಜೀವಕ್ಕೆ ಆಮ್ಲಜನಕ ಈ ಲೋಳೆ ದಾಟಿಯೇ ಬರಬೇಕು. ನೀರಲ್ಲಿ ಕರಗಿದ ಔಷಧಿ, ಗೊಬ್ಬರಕ್ಕೂ ಅದೇ ದಾರಿ. ಟೊಮ್ಯಾಟೊ ತೋಟಕ್ಕೆ ಹೊಡೆದ ಔಷಧಿ ಮಳೆನೀರಿನ ಜೊತೆ ಹರಿದು ಬಂದರೆ ಅದನ್ನು ತಡೆಯಲು ಚಿಪ್ಪಿನ ಗೋಡೆಯೇ ಇಲ್ಲ.

ಕನ್ನಡದಲ್ಲಿ ಕಪ್ಪೆ ಮರಿಗೆ ಗೊದಮೊಟ್ಟೆ ಅನ್ನುತ್ತೇವೆ. ಬಾಲ ಆಡಿಸಿಕೊಂಡು ಈಜುವ ಮರಿಯ ಹೆಸರಲ್ಲೂ ಮೊಟ್ಟೆ ಇದೆ! ನನಗೆ ಇದು ಸರಿಯಾದ ಹೆಸರೇ ಅನ್ನಿಸುತ್ತದೆ. ಕೋಳಿಮರಿ ಚಿಪ್ಪಿನೊಳಗೇ ಪೂರ್ತಿ ಕೋಳಿಯಾಗಿ ಹೊರಬರುತ್ತದೆ. ಕಪ್ಪೆ ಅರ್ಧ ಕೆಲಸ ಮುಗಿಸಿ ಈಚೆಗೆ ಬಂದುಬಿಡುತ್ತದೆ. ಉಳಿದದ್ದನ್ನು ನೀರಲ್ಲಿ ಮಾಡುತ್ತದೆ. ಕಾಲು ಮೂಡುವ ತನಕ ಅದು ಮೊಟ್ಟೆಯ ಮುಂದುವರಿದ ಭಾಗವೇ ಅಲ್ವಾ?

ಕೋಳಿಮೊಟ್ಟೆಯ ಹಿಂದಿನ ಕಥೆ ಹೀಗಿದೆ. ನಾಲ್ಕು ಕಾಲಿನ ಪ್ರಾಣಿಗಳು ಕಾಣಿಸಿಕೊಂಡು ಸುಮಾರು 36–37 ಕೋಟಿ ವರ್ಷ ಆಯಿತು. ಅದಾಗಿ ಐದಾರು ಕೋಟಿ ವರ್ಷಗಳ ಮೇಲೆ ಒಂದು ಕವಲು ಹೊಸ ಥರದ ಮೊಟ್ಟೆ ಕಂಡುಕೊಂಡಿತು. ಮರಿಯ ಸುತ್ತ ನೀರು ತುಂಬಿದ ಚೀಲ, ಅದರ ಮೇಲೆ ಇನ್ನೆರಡು ಪೊರೆ, ಹೊರಗೆ ಗಟ್ಟಿ ಹೊದಿಕೆ. ಕೆರೆ ಹುಡುಕಿಕೊಂಡು ಹೋಗುವ ಬದಲು ಒಂದು ಪುಟ್ಟ ಕೆರೆಯನ್ನೇ ಮೊಟ್ಟೆಯೊಳಗೆ ಇಟ್ಟಹಾಗೆ. ಹಲ್ಲಿ, ಹಾವು, ಹಕ್ಕಿ, ನಾವು, ಎಲ್ಲರೂ ಆ ಕವಲಿನವರು. ಕಪ್ಪೆಗಳ ಕವಲು ಹಳೇ ಮೊಟ್ಟೆಯನ್ನೇ ಉಳಿಸಿಕೊಂಡಿತು. ಹಾಗಂತ ಅದು ಸುಮ್ಮನೆ ಕೂತಿರಲಿಲ್ಲ.

ಒಂದು ಕುಂಟೆ, ನಾಲ್ಕು ಥರದ ಮೊಟ್ಟೆ

ನಮ್ಮೂರ ಹೊರಗೆ ಒಂದು ಕುಂಟೆ ಇದೆ. ಎರಡು ಎತ್ತಿನ ಗಾಡಿ ನಿಲ್ಲಿಸುವಷ್ಟು ಜಾಗ. ಬೇಸಿಗೆಯಲ್ಲಿ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ. ಮುಂಗಾರಿನ ಎರಡು ಒಳ್ಳೇ ಮಳೆಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಟಾರ್ಚ್ ಹಿಡಿದು ಒಂದು ರಾತ್ರಿ, ಮತ್ತೆ ಮಾರನೇ ಬೆಳಗ್ಗೆ ಅಲ್ಲಿಗೆ ಹೋದರೆ ಸಾಕು. ಪಶ್ಚಿಮ ಘಟ್ಟಕ್ಕೆ ಹೋಗಲೇಬೇಕು ಅಂತಿಲ್ಲ.

ಅಂಚಿನ ತೆಳು ನೀರಲ್ಲಿ ಹುಲ್ಲಿನ ಬುಡಕ್ಕೆ ಸುತ್ತಿಕೊಂಡ ಕರಿಮಣಿ ಸರ ಕಾಣುತ್ತದೆ. ಗಾಜಿನ ದಾರದಂಥ ಲೋಳೆ, ಒಳಗೆ ಸಾಲಾಗಿ ಕರಿ ಕಾಳು. ಕಡ್ಡಿಯಿಂದ ಮೆಲ್ಲಗೆ ಎತ್ತಿ ಎಳೆದರೆ ಮೊಳಗಟ್ಟಲೆ ಬರುತ್ತಲೇ ಇರುತ್ತದೆ. ಇದು ನೆಲಗಪ್ಪೆಯದು, ಮೈಮೇಲೆ ಗುಳ್ಳೆ ಇರುವ ನಮ್ಮ ಬಚ್ಚಲುಮನೆ ನೆಂಟ. ಒಂದೇ ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನೆಲಗಪ್ಪೆಯ ಮೈಯಲ್ಲಿರುವ ವಿಷದ ಅಂಶ ಮೊಟ್ಟೆಯಲ್ಲೂ ಇರುವುದರಿಂದ ತಿನ್ನುವವರು ಎರಡು ಸಲ ಯೋಚಿಸುತ್ತಾರೆ.

ಕರಿ ಬಣ್ಣಕ್ಕೂ ಕಾರಣ ಇದೆ. ಬಯಲಲ್ಲಿ ಇಡುವ ಮೊಟ್ಟೆಯ ಮೇಲರ್ಧ ಕಪ್ಪು, ಕೆಳಗಿನರ್ಧ ಬಿಳಿಚು. ಬಂಡಾರದ, ಅಂದರೆ ಮರಿಗೆ ಆಹಾರವಾಗುವ ಹಳದಿ ಭಾಗದ, ಭಾರ ಕೆಳಗಿರುತ್ತದೆ. ಫಲಿಸಿದ ಸ್ವಲ್ಪ ಹೊತ್ತಿಗೆ ಕಾಳು ಲೋಳೆಯೊಳಗೇ ಹೊರಳಿ ಕಪ್ಪು ಬದಿಯನ್ನು ಆಕಾಶಕ್ಕೆ ಮಾಡುತ್ತದೆ. ಆ ಕಪ್ಪು ನಮ್ಮ ಚರ್ಮದಲ್ಲಿರುವ ಮೆಲನಿನ್ನೇ. ಬಿಸಿಲಿನ ಕೆಟ್ಟ ಕಿರಣಕ್ಕೆ ಕೊಡೆ. ಬಿಸಿಲು ಬೀಳದ ಕಡೆ ಇಡುವ ಮೊಟ್ಟೆಗಳಿಗೆ ಈ ಖರ್ಚು ಬೇಡ, ಬಹುಮಟ್ಟಿಗೆ ಅವು ಬಿಳಿ. ನಮ್ಮ ತೊಟ್ಟಿಯ ನೊರೆಯನ್ನು ಕಡ್ಡಿಯಿಂದ ಒಂದಿಷ್ಟು ಸರಿಸಿ ನೋಡಿದೆ. ಒಳಗಿನ ಮೊಟ್ಟೆಗಳು ಸಬ್ಬಕ್ಕಿಯ ಹಾಗೆ ಬೆಳ್ಳಗಿದ್ದವು.

ಕುಂಟೆಯ ನಡುವೆ ನೀರಿನ ಮೇಲೆ ಇನ್ನೊಂದು ಬಗೆ ತೇಲುತ್ತಿರುತ್ತದೆ. ದೋಸೆ ಹುಯ್ದಷ್ಟು ತೆಳ್ಳಗೆ ಹರಡಿದ ಒಂದೇ ಪದರದ ಮೊಟ್ಟೆ, ರಾಗಿ ಕಾಳಿಗಿಂತ ಸಣ್ಣವು. ಮೈಕ್ರೋಹೈಲಾ ಅನ್ನುವ ಪುಟಾಣಿ ಕಪ್ಪೆಗಳದು. ಕಪ್ಪೆ ಬೆರಳ ಗೆಣ್ಣಿನಷ್ಟು, ಕೂಗು ಮಾತ್ರ ಊರಿಗೆಲ್ಲ ಕೇಳುವಷ್ಟು.

ಯಾಕೆ ಒಂದೇ ಪದರ? ನನಗೆ ಕಪ್ಪೆ ಮೊಟ್ಟೆಯ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ ಲೆಕ್ಕ ಇದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಮ್ಮಿ. ಅದೇ ಹೊತ್ತಿಗೆ ಬಿಸಿಯಲ್ಲಿ ಭ್ರೂಣ ಬೇಗ ಬೆಳೆಯುತ್ತದೆ, ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು. ಯುರೋಪಿನ ತಣ್ಣನೆ ಕೊಳಗಳಲ್ಲಿ ಕಪ್ಪೆಗಳು ಮೊಟ್ಟೆಯನ್ನು ದೊಡ್ಡ ಉಂಡೆಯಾಗಿ ಇಡುತ್ತವೆ. ಉಂಡೆ ಬಿಸಿಲನ್ನು ಹಿಡಿದಿಟ್ಟು ಬೆಚ್ಚಗಿರುತ್ತದೆ. ಅದೇ ಉಂಡೆಯನ್ನು ಮೇ ತಿಂಗಳ ಕೋಲಾರದ ಕುಂಟೆಯಲ್ಲಿಟ್ಟರೆ ನಡುವಿನ ಮೊಟ್ಟೆಗಳು ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ಇಲ್ಲಿ ಸರ, ಹಾಳೆ, ಬಿಡಿ ಕಾಳು. ಹಾಳೆಯಲ್ಲಿ ಪ್ರತಿ ಮೊಟ್ಟೆಗೂ ಗಾಳಿಯ ಪಕ್ಕದಲ್ಲೇ ಸೀಟು. ಅದು ಮುಳುಗದೆ ತೇಲುವುದು ನೀರಿನ ಮೇಲ್ಮೈಯ ಬಿಗಿಯಿಂದ. ಈ ಬಿಗಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಗೂಳಿಗಪ್ಪೆಗಳ ಗಂಡುಗಳು ಮೊದಲ ದೊಡ್ಡ ಮಳೆಗೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಗಂಟಲ ಪಕ್ಕ ನೀಲಿ ಚೀಲ ಊದಿಕೊಂಡು ಕೂಗುತ್ತವೆ. ಇವುಗಳ ಮರಿಗಳು ಪಕ್ಕದ ಗೊದಮೊಟ್ಟೆಗಳನ್ನೇ ತಿನ್ನುತ್ತವೆ. ಒಂದು ಕಾಲಕ್ಕೆ ಇವುಗಳ ಕಾಲು ಹೊರದೇಶಕ್ಕೆ ಹೋಗುತ್ತಿತ್ತು. 1987ರಲ್ಲಿ ಕಪ್ಪೆ ಕಾಲಿನ ರಫ್ತು ನಿಂತಿತು. ಇನ್ನು ವರ್ಷದ ಬಹುಪಾಲು ಮಣ್ಣಲ್ಲಿ ಹುದುಗಿದ್ದು ಮಳೆಗೆ ಮಾತ್ರ ಮೇಲೆ ಬರುವ ಬಿಲಗಪ್ಪೆಗಳಿವೆ. ಬೆಂಗಳೂರಿನ ಹೊರವಲಯದಲ್ಲಿ ಸಿಕ್ಕ ಇಂಥ ಒಂದು ಕಪ್ಪೆಯನ್ನು 2020ರಲ್ಲಿ ಹೊಸ ಪ್ರಭೇದ ಅಂತ ಗುರುತಿಸಿ ಸ್ಫೀರೋಥೀಕಾ ಬೆಂಗಳೂರು ಎಂದು ಹೆಸರಿಟ್ಟರು. ದಟ್ಟ ಕಾಡಲ್ಲಲ್ಲ, ಸೈಟು ಮಾಡಿ ಮಾರುವ ಬಯಲು ಸೀಮೆಯಲ್ಲಿ ಸಿಕ್ಕ ಕಪ್ಪೆ ಅದು.

ಮರಗಪ್ಪೆಯದು ಇನ್ನೂ ಜಾಣತನ. ನಮ್ಮ ತೊಟ್ಟಿಗೆ ನೊರೆ ಅಂಟಿಸಿದ್ದು ಅದೇ. ಹೆಣ್ಣು ಮೊಟ್ಟೆಯ ಜೊತೆ ಒಂದು ದ್ರವ ಬಿಡುತ್ತದೆ. ಮಜ್ಜಿಗೆ ಕಡೆದ ಹಾಗೆ ಹಿಂಗಾಲುಗಳಿಂದ ಅದನ್ನು ಕಡೆದು ನೊರೆ ಮಾಡುತ್ತದೆ. ಹೊರಮೈ ಕೆನೆಗಟ್ಟಿದ ಹಾಗೆ ಒಣಗುತ್ತದೆ, ಒಳಗೆ ತೇವ ಹಾಗೇ ಇರುತ್ತದೆ. ಮೀನಿಗೆ ಎಟುಕುವುದಿಲ್ಲ, ಕುಂಟೆ ಒಣಗಿದರೂ ಕೆಲವು ದಿನ ಭಯವಿಲ್ಲ. ಮರಿಗಳು ಹೊರಬರುವ ಹೊತ್ತಿಗೆ ನೊರೆಯ ಅಡಿ ಕರಗಿ ಅವು ಕೆಳಗಿನ ನೀರಿಗೆ ಬೀಳುತ್ತವೆ. ಬಾವಿ ಕಟ್ಟೆ, ಸಂಪು, ಕಲ್ಯಾಣಿಯ ಗೋಡೆ, ಕೆಳಗೆ ನೀರಿದ್ದರೆ ಯಾವುದಾದರೂ ಸರಿ.

ಮೆಟ್ಟಿಲಲ್ಲ

ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಮೀನು, ಆಮೇಲೆ ಕಪ್ಪೆ, ಆಮೇಲೆ ಹಲ್ಲಿ. ಕಪ್ಪೆ ಅರ್ಧ ಮೆಟ್ಟಿಲಲ್ಲಿ ನಿಂತುಹೋದ ಪ್ರಾಣಿ ಅನ್ನುವ ಹಾಗೆ. ನೀರಿನ ಮೊಟ್ಟೆ, ಆಮೇಲೆ ಎಲೆ ಮೇಲಿನ ಮೊಟ್ಟೆ, ಕೊನೆಗೆ ನೆಲದ ಮೊಟ್ಟೆ ಅಂತ ಕಪ್ಪೆಗಳೊಳಗೂ ಒಂದು ಏಣಿ ಹಾಕಿದ್ದರು. 2012ರಲ್ಲಿ ಕಪ್ಪೆಗಳ ವಂಶವೃಕ್ಷ ಇಟ್ಟುಕೊಂಡು ನಡೆದ ಅಧ್ಯಯನವೊಂದು ಈ ಏಣಿಯನ್ನು ಅಲ್ಲಾಡಿಸಿತು. ನೀರಲ್ಲಿ ಮೊಟ್ಟೆ ಇಡುತ್ತಿದ್ದ ವಂಶಗಳು ಎಷ್ಟೋ ಸಲ ನಡುವಿನ ಮೆಟ್ಟಿಲು ತುಳಿಯದೆ ನೇರವಾಗಿ, ಗೊದಮೊಟ್ಟೆಯೇ ಇಲ್ಲದ ನೆಲದ ಮೊಟ್ಟೆಗೆ ಹಾರಿದ್ದವು. ಅದೂ ಬೇರೆ ಬೇರೆ ಖಂಡಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ. ಕಪ್ಪೆಗಳು ಮರಿ ಮಾಡುವ ಬಗೆಗಳು 70ಕ್ಕೂ ಹೆಚ್ಚು ಎಂದು ಈಗ ಎಣಿಸುತ್ತಾರೆ.

ಪಶ್ಚಿಮ ಘಟ್ಟದ ಹೊಳೆಬದಿಯಲ್ಲಿರುವ ಕುಂಬಾರ ಕಪ್ಪೆಯನ್ನು ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಪರಿಚಯಿಸಿದರು. ಗಂಡು ಮುಂಗೈಯಿಂದ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತದೆ, ಹೆಸರು ಅದರಿಂದಲೇ. ಅದೇ ಕಾಡಿನ ಪುಟ್ಟ ಪೊದೆಗಪ್ಪೆಗಳಲ್ಲಿ ಮೊಟ್ಟೆಯಿಂದ ಸೀದಾ ಕಪ್ಪೆಯೇ ಹೊರಬರುತ್ತದೆ. ಆಸ್ಟ್ರೇಲಿಯಾದ ಒಂದು ಕಪ್ಪೆ ಮೊಟ್ಟೆಗಳನ್ನು ನುಂಗಿ ಜಠರದಲ್ಲೇ ಮರಿ ಮಾಡುತ್ತಿತ್ತು. ಮೊಟ್ಟೆಯ ಲೋಳೆಯಲ್ಲಿದ್ದ ರಾಸಾಯನಿಕವೇ ತಾಯಿಯ ಹೊಟ್ಟೆಯ ಆಮ್ಲವನ್ನು ನಿಲ್ಲಿಸುತ್ತಿತ್ತು. 1980ರ ದಶಕದಲ್ಲಿ ಅದು ಅಳಿದುಹೋಯಿತು, ಅದರ ಗುಟ್ಟು ಪೂರ್ತಿ ತಿಳಿಯುವ ಮೊದಲೇ. ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆ ಎಲೆ ಮೇಲೆ ಮೊಟ್ಟೆ ಇಡುತ್ತದೆ. ಹಾವು ಬಂದು ಬಾಯಿ ಹಾಕಿದರೆ ಆ ಅಲುಗಾಟ ತಿಳಿದು ಪಕ್ಕದ ಮೊಟ್ಟೆಗಳ ಮರಿಗಳು ದಿನ ತುಂಬುವ ಮೊದಲೇ ಒಡೆದುಕೊಂಡು ನೀರಿಗೆ ಹಾರುತ್ತವೆ. ಮಳೆಗೂ ಎಲೆ ಅಲುಗುತ್ತದೆ, ಆಗ ಹಾರುವುದಿಲ್ಲ. ಹಾವಿನ ಅಲುಗಾಟ ಬೇರೆ, ಮಳೆಯ ಅಲುಗಾಟ ಬೇರೆ ಅನ್ನುವುದು ಮೊಟ್ಟೆಯೊಳಗಿನ ಜೀವಕ್ಕೆ ಗೊತ್ತು!

ಯಾವ ನೀರು?

ಈಗ ನಮ್ಮೂರಿನ ಪ್ರಶ್ನೆಗೆ ಬರೋಣ. ಬೆಂಗಳೂರಿನ ನೀರನ್ನು ನಮ್ಮ ಕೆರೆಗಳಿಗೆ ತರುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್ ನೀರು, 126 ಕೆರೆ. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು ಹೋಗುತ್ತದೆ. ತುಮಕೂರಿನ ಎಷ್ಟೋ ಕೆರೆಗಳಿಗೆ ಹೇಮಾವತಿ ಇದೆ. ನಾನು ಇದರ ವಿರೋಧಿ ಅಲ್ಲ. ನಮ್ಮ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಕಂಡಿದ್ದರಲ್ಲಿ ಈ ಕೆರೆಗಳ ಪಾಲಿದೆ. ನೀರಿಲ್ಲದ ಕೋಲಾರ ಕಂಡವರು ನೀರು ಬೇಡ ಅನ್ನುವುದಿಲ್ಲ.

ಆದರೆ ನಮ್ಮ ಲೆಕ್ಕ ಬರೀ ಲೀಟರಿನದು. ಮೊಟ್ಟೆಯ ಲೆಕ್ಕ ಬೇರೆ. ನೀರು ಎಷ್ಟು ದಿನ ನಿಲ್ಲುತ್ತದೆ? ಎಷ್ಟು ಆಳ? ಅದರಲ್ಲಿ ಇನ್ನು ಯಾರ್‍ಯಾರು ಇದ್ದಾರೆ? ಕುಂಟೆಯ ದೊಡ್ಡ ಗುಣ ಅದು ಒಣಗುವುದು. ಒಣಗುವುದರಿಂದಲೇ ಅಲ್ಲಿ ಮೀನು ಉಳಿಯುವುದಿಲ್ಲ. ನೆಲಗಪ್ಪೆ, ಮೈಕ್ರೋಹೈಲಾ, ಬಿಲಗಪ್ಪೆ ಎಲ್ಲವೂ ಈ ಒಂದು ಸಂದಿನ ಮೇಲೆ ಬದುಕು ಕಟ್ಟಿಕೊಂಡಿವೆ. ಬೇಗ ಇಡು, ಒಂದೆರಡು ದಿನದಲ್ಲಿ ಒಡೆ, ನೀರು ಇಂಗುವ ಮೊದಲು ಕಾಲು ಬರಿಸಿಕೊಂಡು ಓಡು. ವರ್ಷವಿಡೀ ತುಂಬಿದ ಕೆರೆಯಲ್ಲಿ ಮೀನು ವರ್ಷವಿಡೀ ಇರುತ್ತದೆ. ಕಾಟ್ಲಾ, ರೋಹು ಸಾಕಲು ಕೆರೆ ಹರಾಜಾಗುತ್ತದೆ. ಸೊಳ್ಳೆ ಮರಿ ತಿನ್ನಲಿ ಅಂತ ಬಿಟ್ಟ ಗಂಬೂಸಿಯಾ ಮೀನು ಕಪ್ಪೆಯ ಮೊಟ್ಟೆ, ಮರಿಯನ್ನೂ ಬಿಡುವುದಿಲ್ಲ. ಉತ್ತರ ಅಮೆರಿಕದ ಈ ಮೀನು ನಮ್ಮ ದೇಶಕ್ಕೆ ಬಂದದ್ದು 1928ರಲ್ಲಿ. ಸೊಳ್ಳೆ ಹಿಡಿಯುವ ಕಪ್ಪೆಯ ಮರಿಯನ್ನು ಸೊಳ್ಳೆ ಹಿಡಿಯಲು ಬಂದ ಮೀನು ತಿನ್ನುವುದು, ಯಾರ ಲೆಕ್ಕಕ್ಕೂ ಬರದ ನಷ್ಟ.

ಒಂದು ಮಾತು ನಿಜ. ಕೆರೆ ತುಂಬಿದರೆ ಅದರ ಸುತ್ತ ಜೌಗು, ಗದ್ದೆ ಹೆಚ್ಚಿ ಕೆಲವು ಕಪ್ಪೆಗಳಿಗೆ ಸುಗ್ಗಿ. ನೀರಿನ ಮೇಲೆ ಕುಪ್ಪಳಿಸಿ ಓಡುವ ಸಾಮಾನ್ಯ ಕೆರೆಗಪ್ಪೆ ಈಗ ಎಲ್ಲೆಲ್ಲೂ ಇದೆ. ಆ ಕೂಗು ಕೇಳಿ ಕಪ್ಪೆ ಜಾಸ್ತಿಯಾಗಿದೆ ಅನ್ನುತ್ತೇವೆ. ಹೆಚ್ಚಿದ್ದು ಒಂದು ಕಪ್ಪೆ. ಕುಂಟೆಯ ನಾಲ್ಕು ದನಿ ಅಲ್ಲಿ ಕೇಳುವುದಿಲ್ಲ.

ಆಳದ ಮಾತೂ ಹೀಗೇ. ಈಗ ಕೆರೆ, ಕುಂಟೆ ಅಭಿವೃದ್ಧಿ ಅಂದರೆ ಜೆಸಿಬಿ ತಂದು ಬಗೆದು, ದಡ ಕಡಿದಾಗಿಸಿ ಕಲ್ಲು ಕಟ್ಟುವುದು. ನೆಲಗಪ್ಪೆಯ ಕರಿಮಣಿ ಸರ ಸುತ್ತಿಕೊಳ್ಳುವ ತೆಳು ಅಂಚೇ ಅಲ್ಲಿ ಉಳಿಯುವುದಿಲ್ಲ. ಕೃಷಿ ಹೊಂಡಗಳದು ಇನ್ನೊಂದು ಪಾಡು. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಹೊಲಗಳ ತುಂಬ ಹೊಂಡಗಳಾದವು, ಎಷ್ಟೋ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಮೀನಿಲ್ಲ, ನೀರು ಚೆನ್ನಾಗಿದೆ. ಕಪ್ಪೆ ಖುಷಿಯಾಗಿ ಮೊಟ್ಟೆ ಇಡುತ್ತದೆ. ಮರಿಗಳಿಗೆ ಕಾಲು ಬರುತ್ತದೆ. ಆಮೇಲೆ ಮೇಲಕ್ಕೆ ಹತ್ತಲು ಆಗುವುದಿಲ್ಲ. ಬಿಸಿಲಿಗೆ ಕಾದ ಜಾರುವ ಪ್ಲಾಸ್ಟಿಕ್ ಮೇಲೆ ಅಂಗುಲದುದ್ದದ ಕಪ್ಪೆಮರಿಗಳು ಹತ್ತಿ ಜಾರಿ, ಹತ್ತಿ ಜಾರಿ ಸಾಯುವುದನ್ನು ನಮ್ಮ ಚಿಕ್ಕಪ್ಪನ ಹೊಂಡದಲ್ಲೇ ನೋಡಿದ್ದೇನೆ. ಹಳೇ ಗೋಣಿಚೀಲ ಒಂದನ್ನು ದಡದಿಂದ ನೀರಿಗೆ ಇಳಿಬಿಟ್ಟೆವು. ಸಂಜೆಯೊಳಗೆ ಅದರ ಮೇಲೆ ಸಾಲು ಕಂಡಿತು. ಗೋಣಿಚೀಲಕ್ಕೆ ಎಷ್ಟು ಖರ್ಚು ಹೇಳಿ.

ಇನ್ನು ನೊರೆ. 2018ರ ಜುಲೈನಲ್ಲಿ, ಯೋಜನೆಯ ನೀರು ಬಂದ ಹೊಸತರಲ್ಲಿ, ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ದೊಡ್ಡ ಸುದ್ದಿಯಾಯಿತು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ನೀರು ಮತ್ತೆ ಹರಿಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಎಂಬ ಒತ್ತಾಯ ಅಂದಿನಿಂದ ಇದೆ. ಮರಗಪ್ಪೆಯದೂ ನೊರೆ, ಇದೂ ನೊರೆ. ಎರಡೂ ನೀರಿನ ಮೇಲ್ಮೈಯ ಬಿಗಿಯನ್ನು ಸಡಿಲಿಸಿಯೇ ಏಳುತ್ತವೆ. ಅಮೆರಿಕ ಖಂಡದ ಟುಂಗಾರ ಕಪ್ಪೆಯ ನೊರೆಯಲ್ಲಿ ರಾನಾಸ್ಪ್ಯೂಮಿನ್ ಎಂಬ ಪ್ರೋಟೀನುಗಳು ಈ ಕೆಲಸ ಮಾಡುತ್ತವೆ, ಮೊಟ್ಟೆಯ ಪೊರೆಗೆ ಏನೂ ಮಾಡದೆ. ಗಾಯಕ್ಕೆ ಔಷಧಿ ಹಚ್ಚಲು ಇಂಥ ನೊರೆ ಆದೀತೇ ಎಂದು ಪ್ರಯೋಗ ನಡೆದಿದೆ. ಸೋಪಿನಪುಡಿಗೆ ಆ ನಾಜೂಕು ಇಲ್ಲ, ಅದು ಕೊಬ್ಬನ್ನು ಕರಗಿಸುವಂತೆ ಜೀವಕೋಶದ ಪೊರೆಯನ್ನೂ ಕರಗಿಸುತ್ತದೆ. ನೀರಿನ ಮೇಲೆ ಸೂಜಿ ತೇಲಿಸಿ ಒಂದು ಹನಿ ಸೋಪು ಹಾಕುವ ಆಟ ಮಕ್ಕಳಿಗೆಲ್ಲ ಗೊತ್ತು. ಸೂಜಿ ಮುಳುಗುತ್ತದೆ. ಮೈಕ್ರೋಹೈಲಾದ ಮೊಟ್ಟೆ ಹಾಳೆ ನಿಂತಿರುವುದೂ ಅದೇ ಬಿಗಿಯ ಮೇಲೆ. ಹಾಗಾಗಿ ಕೆರೆ ನೀರಿನ ಪರೀಕ್ಷೆಯ ಪಟ್ಟಿಗೆ ಸೋಪಿನ ಅಂಶವನ್ನೂ ಸೇರಿಸಿ ಅನ್ನುವುದು ಕಪ್ಪೆಯ ಕಡೆಯಿಂದ ನನ್ನ ಅರ್ಜಿ.

2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ 8,011 ಉಭಯವಾಸಿ ಪ್ರಭೇದಗಳನ್ನು ನೋಡಿ, ನೂರಕ್ಕೆ 41ರಷ್ಟು ಅಪಾಯದಲ್ಲಿವೆ ಎಂದಿತು. ನಮ್ಮ ಕುಂಟೆಯ ನೆಲಗಪ್ಪೆ, ಗೂಳಿಗಪ್ಪೆ, ಮರಗಪ್ಪೆ ಆ ಪಟ್ಟಿಯಲ್ಲಿಲ್ಲ. ಅವು 'ಸಾಮಾನ್ಯ' ಕಪ್ಪೆಗಳು. ಸಾಮಾನ್ಯ ಅನ್ನಿಸಿಕೊಂಡವು ಒಂದೊಂದೇ ಊರಿಂದ ಹೋಗುತ್ತವೆ, ಯಾರೂ ಬರೆದಿಡುವುದಿಲ್ಲ. ಕುಂಟೆ ಮುಚ್ಚಿ ಸೈಟು ಮಾಡಿದರೆ ಪಂಚಾಯ್ತಿ ಪುಸ್ತಕದಲ್ಲಿ ಕಳೆದದ್ದು ಒಂದಿಷ್ಟು ಗುಂಟೆ ಖರಾಬು ಜಮೀನು ಮಾತ್ರ. ನನ್ನನ್ನು ಕೇಳಿದರೆ ಪ್ರತಿ ಊರಿಗೂ ಒಂದಾದರೂ ಗೋಕಟ್ಟೆಯನ್ನು ಮೀನು ಬಿಡದೆ, ಕಲ್ಲು ಕಟ್ಟದೆ, ಬೇಸಿಗೆಯಲ್ಲಿ ಒಣಗಲು ಬಿಡಬೇಕು. ದೊಡ್ಡ ಕೆರೆಗೆ ಪೈಪಿನ ನೀರು ಬರಲಿ, ಗೋಕಟ್ಟೆಗೆ ಮಳೆಯ ನೀರು ಸಾಕು.

ಶನಿವಾರ ಬಂತು. ತೊಟ್ಟಿಯ ನೊರೆ ಹಳದಿಗೆ ತಿರುಗಿ ಒಂದು ಕಡೆ ಜೋತುಬಿದ್ದಿತ್ತು. ಅಮ್ಮ ನೋಡಿದರು, ಏನೂ ಹೇಳಲಿಲ್ಲ, ಹಸುವಿಗೆ ಬಕೆಟ್‌ನಲ್ಲಿ ನೀರು ಇಟ್ಟರು. ಭಾನುವಾರ ರಾತ್ರಿ ಮತ್ತೊಂದು ಮಳೆ. ಸೋಮವಾರ ನೊರೆ ಇದ್ದ ಕಡೆ ಒಂದು ಕಲೆ ಮಾತ್ರ ಉಳಿದಿತ್ತು, ನೀರಲ್ಲಿ ಬಾಲಗಳು ಓಡಾಡುತ್ತಿದ್ದವು.

"ಇವನ್ನ ಈಗ ಎಲ್ಲಿ ಹಾಕ್ತೀಯ?" ಎಂದರು ಅಮ್ಮ, ಚೊಂಬಿನಲ್ಲಿ ಒಂದಿಷ್ಟು ಗೊದಮೊಟ್ಟೆ ಎತ್ತಿ ಹಿಡಿದು. "ಕೆರೆಗೆ ಬಿಟ್ಟರೆ ಮೀನು ತಿನ್ನಲ್ವಾ?"

ಎರಡು ಬಕೆಟ್ ತುಂಬಿಕೊಂಡು ಕುಂಟೆಗೆ ಹೋದೆವು.